ಮೊದಲ ಸಾಲಲ್ಲೇ ಹೇಳಿಬಿಡು

"ಈ ಬಿಂದುಶ್ರೀ ಅನ್ನೋರು ಯಾರೋ ಏನೋ, ಒಂದ್ಸಲ ಕೈಗೆ ಸಿಗ್ಬೇಕು ನೋಡಿ!"

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಟಿದ್ದ ಬೆಳಗಿನ ರೈಲು ಬಂಗಾರಪೇಟೆಯಲ್ಲಿ ನಿಂತಿತ್ತು. ಕಿಟಕಿಯ ಪಕ್ಕ ಕೂತು ಇಡ್ಲಿ ಡಬ್ಬಿ ಬಿಚ್ಚುತ್ತಿದ್ದ ಹುಡುಗಿಯ ಕೈ ಅಲ್ಲೇ ನಿಂತಿತು.

ಎದುರು ಸೀಟಿಗೆ ಆಗಷ್ಟೇ ಬಂದು ಕೂತವನು ಪಕ್ಕದವರಿಗೆ ಫೋನ್ ತೋರಿಸುತ್ತಿದ್ದ. ಇಸ್ತ್ರಿ ಮಾಡಿದ ಶರ್ಟು, ಹೆಗಲಿಗೆ ಬಟ್ಟೆಯ ಚೀಲ, ಜೇಬಲ್ಲಿ ಕೆಂಪು ಪೆನ್ನು. ಮೇಷ್ಟ್ರು ಅಂತ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

"ಕೆಜಿಎಫನ್ನ ದೆವ್ವದ ಊರು ಅಂತ ಬರ್ದಿದಾರೆ ನೋಡಿ ಸ್ವಾಮಿ, ಅದೂ ಇಂಗ್ಲಿಷಲ್ಲಿ! ಅಲ್ಲಿರೋ ಜನ ಎಲ್ಲಾ ಏನು ದೆವ್ವಗಳಾ? ಈಯಮ್ಮ ಒಂದು ದಿನಾನಾದ್ರೂ ಈ ಕಡೆ ಬಂದು ನೋಡಿದಾಳಾ? ಬೆಂಗಳೂರಲ್ಲಿ ಏಸಿ ರೂಮಲ್ಲಿ ಕೂತ್ಕೊಂಡು..."

"ದೆವ್ವಗಳು ಇಡ್ಲಿ ತಿನ್ನಲ್ಲ ಸರ್," ಹುಡುಗಿ ತಣ್ಣಗೆ ಹೇಳಿದಳು. "ನಾನು ಕೆಜಿಎಫಲ್ಲೇ ಹುಟ್ಟಿದೋಳು. ಈಗ ಕೆಜಿಎಫಿಂದಾನೇ ಬರ್ತಾ ಇದೀನಿ. ಬಿಂದುಶ್ರೀ ನಾನೇ. ಕೈಗೆ ಸಿಕ್ಕಿದೀನಲ್ಲ, ಏನ್ ಮಾಡ್ತೀರೋ ಮಾಡಿ!"

ಅವನ ಮುಖ ನೋಡಬೇಕಿತ್ತು! ಬಿಂದುಶ್ರೀಯ ಪಕ್ಕದಲ್ಲಿದ್ದ ಶ್ಯಾಮಲ, ದಿನಾ ಇದೇ ರೈಲಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಗೆಳತಿ, ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು.

"ಆ ತಲೆಬರಹ ನಾನು ಬರ್ದಿದ್ದಲ್ಲ," ಬಿಂದು ಮುಂದುವರಿಸಿದಳು. "ಸುದ್ದಿ ಬರೆಯೋದು ನಾನು. ಅದರ ತಲೆಗೆ ಟೋಪಿ ಹಾಕೋರು ಬೇರೆಯವರು. ಒಳಗೆ ಏನಿದೆ ಅಂತ ಓದಿದ್ರಾ?"

"ಓದ್ದೆ. ಒಳಗೆ ಚೆನ್ನಾಗೇ ಇದೆ." ಅವನ ಧ್ವನಿ ಇಳಿದಿತ್ತು. ಆದರೆ ಮೇಷ್ಟ್ರು ಮೇಷ್ಟ್ರೇ, ಸುಮ್ಮನೆ ಸೋಲುತ್ತಾರೆಯೇ? "ಆದ್ರೆ ಮೇಡಂ... ಕೆಳಗಿರೋ ಹೆಸರು ನಿಮ್ದೇ ಅಲ್ವಾ?"

ಬಿಂದು ಇಡ್ಲಿ ಡಬ್ಬಿಯ ಕಡೆ ತಲೆ ತಗ್ಗಿಸಿದಳು. ಕಣ್ಣು ಯಾಕೋ ತುಂಬಿ ಬಂತು. ಅದನ್ನು ಕಂಡು ಅವನು ಗಾಬರಿಯಾದ.

"ಇಡ್ಲಿ ತಿನ್ನಿ ಮೇಡಂ... ಆರೋಗುತ್ತೆ."

ಹೀಗೆ ಜಗಳದಿಂದ ಶುರುವಾದದ್ದು ನೋಡಿ ಇವರ ಕಥೆ.

ಅವನ ಹೆಸರು ಶಶಿಧರ್. ಬೂದಿಕೋಟೆಯ ಹತ್ತಿರದ ಹಳ್ಳಿಯವನು. ಬಂಗಾರಪೇಟೆಯ ಕಾಲೇಜಿನಲ್ಲಿ ಪಿಯು ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದ. ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದಲು ಕೆಲವು ದಿನ ಬೆಂಗಳೂರಿಗೆ ಹೋಗಬೇಕಾಗಿ ಬಂದದ್ದರಿಂದ ಈ ರೈಲು ಹತ್ತಿದ್ದ.

ಮಾರನೆಯ ದಿನವೂ ಅದೇ ಬೋಗಿ. ಅದರ ಮಾರನೆಯ ದಿನ ಶ್ಯಾಮಲಳೇ ಎದ್ದು ಅವನಿಗೆ ಬಿಂದುವಿನ ಪಕ್ಕದ ಜಾಗ ಬಿಟ್ಟುಕೊಟ್ಟಳು. ಗೆಳತಿಯರಿಗೆ ಇಂಥದ್ದೆಲ್ಲ ಬೇಗ ಗೊತ್ತಾಗುತ್ತದೆ.

"ನಮ್ಮ ಕ್ಲಾಸಲ್ಲಿ ಒಂದು ಪದ್ಧತಿ ಇದೆ," ಒಂದು ದಿನ ಅವನು ಹೇಳಿದ. "ದಿನಾ ಬೆಳಿಗ್ಗೆ ಮಕ್ಕಳಲ್ಲಿ ಒಬ್ಬರು ಫೋನಲ್ಲಿ ಇಂಗ್ಲಿಷ್ ಸುದ್ದಿ ಹುಡುಕಿ, ಅದರ ತಲೆಬರಹಾನ ಬೋರ್ಡ್ ಮೇಲೆ ಬರೀಬೇಕು. ಏನಾಯ್ತು ಅಂತ ಉಳಿದೋರು ಹೇಳ್ಬೇಕು. ಮೊದಲು ಚೆನ್ನಾಗಿ ನಡೀತಿತ್ತು. ಈಗ ಹೇಳಕ್ಕೇ ಆಗಲ್ಲ ಮೇಡಂ! 'ಈ ನಟಿ ಮಾಡಿದ್ದೇನು ಗೊತ್ತಾ', 'ಆಮೇಲೆ ನಡೆದದ್ದು ನೋಡಿ'... ಅದು ಸುದ್ದಿನೋ ಒಗಟೋ? ಪೇಪರ್ ಓದಿ ಇಂಗ್ಲಿಷ್ ಕಲೀರಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಬಿಂದು ನಕ್ಕಳು. ನಗುವಿನ ಹಿಂದೆ ನೋವಿತ್ತು.

ಅವಳ ಅಪ್ಪ ದಾವಣಗೆರೆ ಕಡೆಯವರು, ಕಾರ್ಖಾನೆಯ ಕೆಲಸಕ್ಕೆಂದು ಕೆಜಿಎಫಿಗೆ ಬಂದು ನೆಲೆಸಿದವರು. ಕ್ವಾರ್ಟರ್ಸಿನಲ್ಲಿ ತಮಿಳು, ತೆಲುಗು, ಕನ್ನಡ ಮೂರನ್ನೂ ಒಟ್ಟಿಗೆ ಕಲಿತು ಬೆಳೆದ ಹುಡುಗಿಗೆ ಇಂಗ್ಲಿಷ್ ಮಾತ್ರ ಪೇಪರಿನಿಂದ ಬಂದದ್ದು. ಅಪ್ಪ ಕ್ಯಾಂಟೀನಿನಿಂದ ತರುತ್ತಿದ್ದ ಹಳೆಯ ಪೇಪರುಗಳನ್ನು ಅವಳು ಗಟ್ಟಿಯಾಗಿ ಓದುತ್ತಿದ್ದಳು. ಆ ನೇರವಾದ, ಅಚ್ಚುಕಟ್ಟಾದ ಸಾಲುಗಳ ಮೇಲೆ ಅವಳಿಗೆ ಪ್ರೀತಿ. ಅದಕ್ಕೇ ಈ ವೃತ್ತಿಗೆ ಬಂದಳು.

ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಗೆ ಸೇರಿದ ಮೊದಲ ದಿನ ಸಂಪಾದಕ ಗೋಪಾಲ್ ಸರ್ ಒಂದೇ ಪಾಠ ಹೇಳಿಕೊಟ್ಟಿದ್ದರು. "ನೋಡಮ್ಮ, ಓದೋನಿಗೆ ಏನಾಯ್ತು ಅನ್ನೋದನ್ನ ಮೊದಲ ಸಾಲಲ್ಲೇ ಹೇಳಿಬಿಡು. ಬಚ್ಚಿಡಬೇಡ. ಬಚ್ಚಿಡೋದು ನಮ್ಮ ಕೆಲಸ ಅಲ್ಲ."

ಅದೇ ಗೋಪಾಲ್ ಸರ್ ಈಗ ಗೋಡೆಯ ಮೇಲಿನ ದೊಡ್ಡ ಪರದೆ ನೋಡುತ್ತಾ ಕೂರುತ್ತಾರೆ. ಯಾವ ಸುದ್ದಿಯನ್ನು ಎಷ್ಟು ಜನ ಫೋನಿನಲ್ಲಿ ಒತ್ತಿ ತೆರೆಯುತ್ತಿದ್ದಾರೆ ಎಂದು ಅಲ್ಲಿ ಕಾಣುತ್ತದೆ. ಈಗಿನ ಪಾಠವೇ ಬೇರೆ. ಎಲ್ಲ ಹೇಳಿಬಿಟ್ಟರೆ ಯಾರು ಒಳಗೆ ಬರುತ್ತಾರೆ? ಅರ್ಧ ಹೇಳು, ಅರ್ಧ ಬಚ್ಚಿಡು...

"ನಮ್ಮಮ್ಮನ ಬಗ್ಗೆ ಬರೀತೀರಾ?" ಉತ್ತರ ಪತ್ರಿಕೆ ತಿದ್ದುವ ಕೆಲಸ ಮುಗಿದ ದಿನ ಶಶಿಧರ್ ಹಠಾತ್ತಾಗಿ ಕೇಳಿದ.

ಸಂಜೆ ಬಂಗಾರಪೇಟೆಯಲ್ಲಿ ಇಳಿದು ಇಬ್ಬರೂ ಪಾನಿಪುರಿ ಗಾಡಿಯ ಮುಂದೆ ನಿಂತಿದ್ದರು. ಇಲ್ಲಿಯ ಪಾನಿ ನೀರಿನ ಹಾಗೆ ತಿಳಿಯಾಗಿರುತ್ತದೆ. ನೋಡಕ್ಕೆ ಸಾಧು, ಬಾಯಿಗಿಟ್ಟರೆ ಕಣ್ಣಲ್ಲಿ ನೀರು!

"ನಮ್ಮಪ್ಪ ಮುನಿಸ್ವಾಮಪ್ಪ ಕೆಜಿಎಫಿನ ಮೈಸೂರು ಮೈನ್ಸಲ್ಲಿ ಕೆಲಸಕ್ಕಿದ್ರು. ಗಣಿ ಒಳಗೆ ಬಂಡೆ ಕುಸಿದು ತೀರ್ಕೊಂಡ್ರು. ನಾನಿನ್ನೂ ಸಣ್ಣೋನು. ಅಮ್ಮ ನನ್ನ ಕರ್ಕೊಂಡು ಊರಿಗೆ ಬಂದು ಹಸು ಕಟ್ಟಿದ್ಲು. ಆದ್ರೆ ದಿನಾ ನಸುಕಲ್ಲಿ ಹಾಲು ತಗೊಂಡು ಅಲ್ಲಿನ ಗಣಿ ಕೆಲಸದೋರ ಲೈನ್ ಮನೆಗಳಿಗೆ ಹೋಗ್ತಾಳೆ. ಗಣಿ ಮುಚ್ಚಿದ್ರೂ ಹೋಗ್ತಾಳೆ. ಬೇಡಮ್ಮಾ ಅಂದ್ರೂ ಕೇಳಲ್ಲ."

"ಯಾಕೆ?"

"ಅದನ್ನ ಅವಳ ಬಾಯಲ್ಲೇ ಕೇಳಿ." ಶಶಿಧರ್ ತಟ್ಟೆಯ ಕಡೆ ನೋಡಿದ. "ಆದ್ರೆ ಆ ದೆವ್ವದ ಊರಿನ ಥರ..."

"ಇಲ್ಲ!" ಬಿಂದು ಅವನ ಮಾತು ಮುಗಿಯುವ ಮೊದಲೇ ಹೇಳಿದಳು. "ಈ ಸಲ ತಲೆಬರಹಾನೂ ನಾನೇ ಬರೀತೀನಿ. ನನ್ನ ಹೆಸರಿನ ಮೇಲೆ ನಿಮ್ಮಮ್ಮಂಗೆ ಅವಮಾನ ಆಗಲ್ಲ. ಇದು ನನ್ನ ಮಾತು."

ಅವನು ಅವಳನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದು, ಪಾನಿಪುರಿ ಹಾಕಿಕೊಂಡು ಮುಚ್ಚಿಬಿಟ್ಟ. ಇವಳೂ ಅಷ್ಟೇ. ಮನಸ್ಸಿನಲ್ಲಿದ್ದದ್ದು ನಾಲಿಗೆಯ ತುದಿಯವರೆಗೆ ಬಂದು ಖಾರದ ನೀರಿನ ಜೊತೆ ಒಳಗೇ ಇಳಿಯಿತು.

'ಇಷ್ಟ ಅಂತ ಹೇಳಕ್ಕೆ ಇಷ್ಟೊಂದು ಕಷ್ಟ ಯಾಕೋ...'

ಭಾನುವಾರ ಬಿಂದು ಬೂದಿಕೋಟೆಯ ಬಸ್ಸು ಹತ್ತಿದಳು. ಶಶಿಧರನ ಅಮ್ಮ ಚೌಡಮ್ಮ ಕೊಟ್ಟಿಗೆಯಲ್ಲಿ ಕೂತೇ ಮಾತಾಡಿದಳು, ಹಸುವಿನ ಮೈ ಸವರುತ್ತಾ. ಮೊದಲು ನಾಚಿಕೆ. ಆಮೇಲೆ ತಡೆಯಿಲ್ಲದ ಮಾತು. ನಡುವೆ ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇದ್ನೆಲ್ಲಾ ಇಂಗ್ಲೀಸ್ನಾಗೆ ಬರೀತೀಯೇನಮ್ಮಾ? ದೊಡ್ಡೋರೆಲ್ಲಾ ಓದ್ತಾರಾ?"

"ಓದ್ತಾರೆ ಅಮ್ಮ."

"ನನ್ನ್ ಮಾನ ನಿನ್ ಕೈಯಾಗೈತೆ ಕಣ್ ತಾಯಿ," ಎಂದು ನಕ್ಕಳು ಚೌಡಮ್ಮ. ತಮಾಷೆಗೆ ಅಂದ ಮಾತು ಅದು.

ಬಿಂದು ತನ್ನ ಬದುಕಿನಲ್ಲೇ ಅಷ್ಟು ಎಚ್ಚರದಿಂದ ಏನನ್ನೂ ಬರೆದಿರಲಿಲ್ಲ. ತಲೆಬರಹವನ್ನು ಬರೆದು ಅಳಿಸಿ, ಮತ್ತೆ ಬರೆದು, ಕೊನೆಗೆ ಗೋಪಾಲ್ ಸರ್ ಮುಂದೆ ಹಿಡಿದಳು. ಇಂಗ್ಲಿಷಿನಲ್ಲಿದ್ದ ಆ ಸಾಲಿನಲ್ಲಿ ಬಚ್ಚಿಟ್ಟದ್ದು ಏನೂ ಇರಲಿಲ್ಲ.

"ಇದನ್ನೇ ಹಾಕ್ತೀರಾ ಸರ್? ಬದಲಾಯಿಸಲ್ಲ ತಾನೇ?"

"ಇದನ್ನೇ ಹಾಕ್ತೀನಮ್ಮ," ಎಂದರು ಅವರು. ಅವರು ಸುಳ್ಳು ಹೇಳಲಿಲ್ಲ. ಆದರೆ ಪೂರ್ತಿ ನಿಜವನ್ನೂ ಹೇಳಲಿಲ್ಲ.

ಸುದ್ದಿ ಬಂದ ಬೆಳಿಗ್ಗೆ ರೈಲಿನಲ್ಲೇ ಬಿಂದು ಫೋನ್ ತೆರೆದಳು. ಅವಳದೇ ತಲೆಬರಹ! ಕೆಳಗೆ ಅವಳದೇ ಹೆಸರು! ಎದೆ ತುಂಬಿ ಬಂತು. ಲಿಂಕನ್ನು ಶಶಿಧರನಿಗೆ ಕಳಿಸಿದಳು. 'ಮಾತು ಉಳಿಸಿಕೊಂಡಿದೀನಿ, ನೋಡಿ' ಎಂದು ಬರೆದಳು.

ರೈಲು ವೈಟ್‌ಫೀಲ್ಡ್ ದಾಟುವಾಗ ಫೋನ್ ಬಂತು.

"ಏನ್ ಮೇಡಂ ಇದು?" ಶಶಿಧರ್ ಹಲೋ ಎನ್ನಲೂ ಇಲ್ಲ. "ಹೀಗೆ ಬರೆಯೋಕೆ ಮನಸಾದ್ರೂ ಹೇಗೆ ಬಂತು ನಿಮಗೆ?"

"ಯಾಕೆ... ಏನಾಯ್ತು? ಚೆನ್ನಾಗಿಲ್ವಾ?"

"ಚೆನ್ನಾಗಾ! ಕಾಲೇಜ್ ಗೇಟಲ್ಲೇ ಹುಡುಗರು ಫೋನ್ ಹಿಡ್ಕೊಂಡು ನಗ್ತಿದ್ರು. 'ಸರ್, ಇದು ನಿಮ್ಮಮ್ಮ ಅಲ್ವಾ' ಅಂತ ಕೇಳಿದ್ರು. ಈ ತಲೆಬರಹ ನೋಡಿ..."

"ಆ ತಲೆಬರಹ ನಾನೇ ಬರೆದದ್ದು ಶಶಿಧರ್! ಒಂದೊಂದು ಪದಾನೂ ನಂದೇ!" ಹೆಮ್ಮೆಯಿಂದಲೇ ಹೇಳಿದಳು ಪಾಪ. ತನ್ನ ಫೋನಿನಲ್ಲಿ ಕಾಣುತ್ತಿದ್ದದ್ದು ಅವನ ಫೋನಿನಲ್ಲಿ ಇಲ್ಲ ಎಂದು ಅವಳಿಗೇನು ಗೊತ್ತು?

"ನೀವೇ... ಬರೆದದ್ದಾ?" ಎಂದ ಅವನು. "ಸರಿ ಬಿಡಿ. ಇನ್ಮೇಲೆ ನನಗೆ ಫೋನ್ ಮಾಡ್ಬೇಡಿ."

ಕರೆ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಮತ್ತೆ ಮಾಡಿದರೆ ಗಂಟೆಯೇ ಆಗಲಿಲ್ಲ.

"ಏನೇ ಆಯ್ತು? ಮುಖ ಯಾಕೆ ಹಿಂಗಾಯ್ತು?" ಶ್ಯಾಮಲ ಕೇಳಿದಳು.

"ಗೊತ್ತಿಲ್ಲ ಕಣೇ! ಇದರಲ್ಲಿ ಅವಮಾನ ಏನಿದೆ? ನೀನೇ ಓದು..."

ಶ್ಯಾಮಲ ತನ್ನ ಫೋನಿನಲ್ಲೇ ಸುದ್ದಿ ತೆರೆದಳು. ಇಂಗ್ಲಿಷನ್ನು ಕೂಡಿಸಿ ಕೂಡಿಸಿ ಓದಿ, ಹುಬ್ಬು ಗಂಟಿಕ್ಕಿದಳು.

"ಇದೇನೇ ಬಿಂದು, ನಿನ್ ಫೋನಲ್ಲಿ ಒಂದಿದೆ, ನನ್ ಫೋನಲ್ಲಿ ಇನ್ನೊಂದಿದೆ!"

ಬಿಂದು ಕಸಿದು ನೋಡಿದಳು. ಕೆಳಗೆ ಅವಳ ಹೆಸರೇ. ಅದೇ ಫೋಟೋ, ಹಾಲಿನ ಕ್ಯಾನಿನ ಜೊತೆ ನಗುತ್ತಿರುವ ಚೌಡಮ್ಮ. ಮೇಲಿನ ಸಾಲು ಮಾತ್ರ ಬೇರೆ. ನಮ್ಮ ಮಾತಿಗೆ ತಂದರೆ ಅದು ಹೀಗಿತ್ತು...

'ಗಂಡ ಸತ್ತ ಮೇಲೂ ಈ ಹೆಂಗಸು ನಸುಕಿನಲ್ಲಿ ಗಣಿ ಕಾರ್ಮಿಕರ ಮನೆಗಳಿಗೆ ಹೋಗುತ್ತಿದ್ದದ್ದೇಕೆ? ಕಾರಣ ತಿಳಿದರೆ ದಂಗಾಗುತ್ತೀರಿ!'

ಬಿಂದು ಎರಡೂ ಫೋನುಗಳನ್ನು ಪಕ್ಕಪಕ್ಕ ಹಿಡಿದು ನೋಡಿದಳು. 'ದೇವರೇ... ಇದನ್ನ ನೋಡಿ ಅವರು ಕೇಳಿದ್ದು! ಇದನ್ನ ನಾನೇ ಬರೆದೆ ಅಂತ ನಾನು ಹೇಳಿಬಿಟ್ಟೆ!'

ಆಫೀಸಿಗೆ ಓಡಿದಳು. ಗೋಪಾಲ್ ಸರ್ ಪರದೆಯ ಮುಂದೆ ಕೂತಿದ್ದರು.

"ಸರ್, ನನಗೆ ಮಾತು ಕೊಟ್ಟಿದ್ರಿ!"

"ನಿನ್ನದೂ ಹಾಕಿದ್ದೆನಮ್ಮ." ಅವರು ಅವಳ ಕಡೆ ತಿರುಗಲಿಲ್ಲ. "ಹೋದ ತಿಂಗಳಿಂದ ಹೀಗೇ. ಒಂದು ಸುದ್ದಿಗೆ ಎರಡು ತಲೆಬರಹ. ಅರ್ಧ ಜನಕ್ಕೆ ಒಂದು ಕಾಣುತ್ತೆ, ಉಳಿದ ಅರ್ಧಕ್ಕೆ ಇನ್ನೊಂದು. ಯಾವುದನ್ನ ಜಾಸ್ತಿ ಜನ ಒತ್ತುತ್ತಾರೋ ಅದು ಉಳಿಯುತ್ತೆ. ನಿನ್ನದು ಹಿಂದೆ ಬೀಳ್ತಾ ಇದೆ."

"ಆ ಇನ್ನೊಂದನ್ನ ಯಾರು ಬರೆದದ್ದು ಸರ್? ಹೆಸರು ಹೇಳಿ!"

"ಯಾರೂ ಬರೆದದ್ದಲ್ಲ. ಸಾಫ್ಟ್‌ವೇರ್ ಬರೆಯುತ್ತೆ."

"ಅದು ಒಬ್ಬ ತಾಯಿನ ಯಾವ ಥರ ತೋರಿಸ್ತಿದೆ ಅಂತ ನಿಮಗೆ ಕಾಣ್ತಿಲ್ವಾ? ತೆಗೀರಿ ಸರ್... ದಯವಿಟ್ಟು!"

"ಅದರಲ್ಲಿ ಒಂದು ಪದ ಸುಳ್ಳಿದ್ರೆ ತೋರಿಸು, ಈಗಲೇ ತೆಗೆಸ್ತೀನಿ," ಎಂದರು ಗೋಪಾಲ್ ಸರ್. "ಗಂಡ ಸತ್ತಿರೋದು ನಿಜ. ನಸುಕಲ್ಲಿ ಹೋಗೋದು ನಿಜ. ಓದೋರು ಏನೇನೋ ಅಂದ್ಕೊಂಡ್ರೆ..." ಅವರು ಅವಳ ಕಡೆ ತಿರುಗಿದರು. ಅವರ ಕಣ್ಣಲ್ಲಿ ನಾಚಿಕೆಯಿತ್ತು. "ಇವತ್ತು ಮೊದಲ ಸ್ಥಾನದಲ್ಲಿರೋ ಸುದ್ದಿ ಅದು. ಅದನ್ನ ಮುಟ್ಟೋ ಅಧಿಕಾರ ನನಗೂ ಇಲ್ಲಮ್ಮ."

"ಹಾಗಾದ್ರೆ ನಾನು ಯಾರ ಹತ್ರ ಜಗಳ ಆಡ್ಲಿ ಸರ್?"

ಅವರು ಮತ್ತೆ ಪರದೆಯ ಕಡೆ ತಿರುಗಿದರು.

ಅವತ್ತು ಬಿಂದು ಮಧ್ಯಾಹ್ನವೇ ಹೊರಟು ಬಂಗಾರಪೇಟೆಯಲ್ಲಿ ಇಳಿದು ಕಾಲೇಜಿಗೆ ಹೋದಳು. ಕ್ಲಾಸು ಮುಗಿಸಿ ಹೊರಬಂದ ಶಶಿಧರ್ ಅವಳನ್ನು ಕಂಡು ಮುಖ ತಿರುಗಿಸಿದ.

"ಒಂದೇ ನಿಮಿಷ! ಎರಡು ತಲೆಬರಹ ಇತ್ತು ಶಶಿಧರ್. ನನಗೆ ಕಾಣಿಸ್ತಿದ್ದದ್ದು ಬೇರೆ, ನಿಮಗೆ ಕಾಣಿಸಿದ್ದು ಬೇರೆ. ನಾನು ಬರೆದದ್ದು ಇದು, ನೋಡಿ..." ತನ್ನ ಫೋನ್ ತೆರೆದು ಅವನ ಮುಂದೆ ಹಿಡಿದಳು.

ಅವನು ನೋಡಿದ. ಅವಳನ್ನೂ ನೋಡಿದ. ಆ ನೋಟದಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

"ಅದೇ ಇದೆಯಲ್ಲ ಮೇಡಂ."

ಬಿಂದು ಫೋನ್ ತಿರುಗಿಸಿ ನೋಡಿದಳು. ಅವಳ ಫೋನಿನಲ್ಲೂ ಈಗ ಅದೇ ಇತ್ತು! 'ಕಾರಣ ತಿಳಿದರೆ ದಂಗಾಗುತ್ತೀರಿ!' ಅವಳು ಬರೆದ ಸಾಲು ಎಲ್ಲೂ ಇರಲಿಲ್ಲ. ಬೆಳಿಗ್ಗೆ ಅದರ ಚಿತ್ರ ತೆಗೆದಿಟ್ಟುಕೊಳ್ಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ತನ್ನ ಮಾತಿಗೆ ತಾನೇ ಸಾಕ್ಷಿ ತರಬೇಕಾಗುತ್ತದೆ ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ?

"ಇತ್ತು... ಬೆಳಿಗ್ಗೆ ಇತ್ತು... ನಿಜವಾಗ್ಲೂ..."

"ಅಮ್ಮ ಇವತ್ತು ಡೇರಿಗೆ ಹಾಲು ಹಾಕಕ್ಕೆ ಹೋದಾಗ ಕ್ಯೂನಲ್ಲಿದ್ದ ಹೆಂಗಸರು ಗುಸುಗುಸು ಅಂದ್ರಂತೆ. ಯಾವನೋ ಆ ಒಂದು ಸಾಲನ್ನ ಕನ್ನಡ ಮಾಡಿ ವಾಟ್ಸಾಪಲ್ಲಿ ಹಂಚಿದಾನೆ. ಒಳಗೆ ಏನಿದೆ ಅಂತ ಒಬ್ಬರೂ ಓದಿಲ್ಲ. 'ನಾಳೆಯಿಂದ ಲೈನಿಗೆ ಓಗಲ್ಲ ಕಣ್ಲಾ' ಅಂದ್ಲು. ಅಪ್ಪ ಸತ್ತಾಗಿನಿಂದ ಒಂದು ದಿನ ತಪ್ಪಿಸಿದೋಳಲ್ಲ ಅವಳು." ಅವನು ಕೈಯಲ್ಲಿದ್ದ ಪುಸ್ತಕ ಮುಚ್ಚಿದ. "ನಾನೇ ಅಲ್ವಾ ನಿಮ್ಮನ್ನ ಮನೆಗೆ ಕರೆದದ್ದು? ತಪ್ಪು ನಂದೇ."

ಅವನು ಒಳಗೆ ಹೋದ. ಬಿಂದು ಗೇಟಿನ ಹತ್ತಿರ ಎಷ್ಟೋ ಹೊತ್ತು ನಿಂತಿದ್ದಳು. ಅಳಬೇಕೋ ಕೂಗಬೇಕೋ ತಿಳಿಯಲಿಲ್ಲ.

ಆ ವಾರ ಹೇಗೆ ಕಳೆಯಿತೋ! ಅದೇ ರೈಲು, ಅದೇ ಸೀಟು. ಕೆಲಸ ಬಿಡೋಣವೆಂದರೆ ಬಿಟ್ಟರೂ ಆ ಸಾಲು ಅಳಿಯುವುದಿಲ್ಲ. ಇರೋಣವೆಂದರೆ ತನ್ನ ಹೆಸರು ಕಂಡರೇ ಮೈ ಉರಿಯುತ್ತದೆ. ಅವಳು ಬರೆಯದ ಮಾತಿನ ಕೆಳಗೆ ಅವಳ ಹೆಸರು ಊರೂರು ಸುತ್ತುತ್ತಿತ್ತು.

ಶುಕ್ರವಾರ ಗೋಪಾಲ್ ಸರ್ ಅವಳ ಮೇಜಿನ ಬಳಿ ಬಂದು ನಿಂತರು.

"ನಿನ್ನ ತಲೆಬರಹ ವಾಪಸ್ ಹಾಕಿದೀನಿ ನೋಡಮ್ಮ."

"ಈಗ ಯಾರಾದ್ರೂ ಓದ್ತಿದಾರಾ ಸರ್?"

"ಇಲ್ಲ," ಎಂದರು ಅವರು ಮೆಲ್ಲಗೆ. "ಯಾರೂ ಓದ್ತಿಲ್ಲ ಅಂತಲೇ ಮೇಲಿನೋರು ಹಾಕಕ್ಕೆ ಬಿಟ್ರು."

ಬಿಂದುವಿಗೆ ನಗು ಬಂತು. ನಗುತ್ತಲೇ ಅತ್ತಳು. ಮನೆ ಸುಟ್ಟ ಮೇಲೆ ಬಾವಿ ತೋಡಿದಂತಾಗಿತ್ತು.

'ಯಾರೂ ಓದದಿದ್ರೆ ಬೇಡ. ಆದ್ರೆ ಓದಲೇಬೇಕಾದ ಒಬ್ಬರಿದಾರೆ. ಅವರಿಗೆ ಇಂಗ್ಲಿಷ್ ಬರಲ್ಲ. ನಾನೇ ಹೋಗಿ ಓದಿ ಹೇಳ್ತೀನಿ. ಬೈದ್ರೆ ಬೈಸ್ಕೋತೀನಿ.'

ಭಾನುವಾರ ಮತ್ತೆ ಬೂದಿಕೋಟೆಯ ಬಸ್ಸು. ಹೋದ ಸಲ ಕಿಟಕಿಯಾಚೆಯ ಟೊಮೇಟೊ ತೋಟಗಳನ್ನೆಲ್ಲ ನೋಡಿಕೊಂಡು ಬಂದಿದ್ದವಳು ಈ ಸಲ ತಲೆ ಎತ್ತಲಿಲ್ಲ.

ಬಾಗಿಲಲ್ಲೇ ಶಶಿಧರ್ ಎದುರಾದ. "ಯಾಕೆ ಬಂದ್ರಿ?"

"ಮನೆಗ್ ಬಂದೋರ್ನ ಇಂಗಾ ಕೇಳೋದು?" ಒಳಗಿನಿಂದ ಚೌಡಮ್ಮನ ದನಿ ಬಂತು. "ಪಾಠ ಯೋಳೋ ಮೇಷ್ಟ್ರು ನೀನು! ಬಾರಮ್ಮಾ, ಕೂತ್ಕ."

ಒಂದು ವಾರದಲ್ಲಿ ಮುಖ ಬಾಡಿಹೋಗಿತ್ತು ಚೌಡಮ್ಮನದು. ಮೂಲೆಯಲ್ಲಿ ಹಾಲಿನ ಕ್ಯಾನ್ ಬೋರಲು ಹಾಕಿತ್ತು. ಬಿಂದು ಅದನ್ನೇ ನೋಡಿದಳು. ಚಾಪೆಯ ಮೇಲೆ ಕೂರದೆ, ಸೀದಾ ಚೌಡಮ್ಮನ ಕಾಲ ಬಳಿ ಕೂತಳು.

"ಅಮ್ಮ, ನಿಮ್ಮ ಮಾನ ಉಳಿಸ್ತೀನಿ ಅಂದಿದ್ದೆ. ಆಗ್ಲಿಲ್ಲ. ಆ ಸಾಲನ್ನ ಅಳಿಸೋ ಶಕ್ತಿನೂ ನನಗಿಲ್ಲ. ನಾನು ಬರೆದದ್ದನ್ನ ನೀವು ಒಂದ್ಸಲ ಕೇಳಿಬಿಡಿ. ಆಮೇಲೆ ಹೋಗು ಅಂದ್ರೆ ಹೋಗ್ತೀನಿ."

"ಓದಮ್ಮಾ."

ಬಿಂದು ಫೋನ್ ತೆರೆದು, ಒಂದೊಂದೇ ಸಾಲನ್ನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳತೊಡಗಿದಳು. ಮೊದಲು ತಲೆಬರಹ.

"ಗಂಡನನ್ನು ಬಲಿ ತೆಗೆದುಕೊಂಡ ಗಣಿಯ ಮನೆಗಳಿಗೆ ಇಂದಿಗೂ ಹಾಲು ಹೊರುವ ಚೌಡಮ್ಮ..."

"ಏನಂದ್ರಿ?"

ಬಾಗಿಲಲ್ಲಿ ನಿಂತಿದ್ದ ಶಶಿಧರ್ ಒಂದೇ ಹೆಜ್ಜೆಗೆ ಒಳಗೆ ಬಂದ. "ಇನ್ನೊಂದ್ಸಲ ಓದಿ. ಇಂಗ್ಲಿಷಲ್ಲಿ ಓದಿ."

ಅವಳು ಓದಿದಳು. ಅವನು ಗೋಡೆಗೆ ಒರಗಿಬಿಟ್ಟ.

"ಇದು... ಇದು ಬೋರ್ಡ್ ಮೇಲಿತ್ತು! ಆವತ್ತು ತಲೆಬರಹ ಬರೆಯೋ ಸರದಿ ನವ್ಯಾದು. ನಾನು ಕ್ಲಾಸಿಗೆ ಹೋಗೋ ಮುಂಚೆನೇ ಬರ್ದಿದ್ಲು, ಇದೇ ಸಾಲು, ಇದೇ ಪದಗಳು. ಗೇಟಲ್ಲಿ ಹುಡುಗರು ಬೇರೆ ತೋರಿಸಿದ್ರಲ್ಲ, ಪಾಪ ನನ್ನ ಮೇಲಿನ ಕನಿಕರಕ್ಕೆ ಆ ಹುಡುಗಿ ತಾನೇ ಬದಲಾಯಿಸಿ ಬರೆದಿದಾಳೆ ಅಂದ್ಕೊಂಡೆ. ಏನೂ ಮಾತಾಡದೆ ಅಳಿಸಿಬಿಟ್ಟೆ." ಅವನು ಮುಖ ಮುಚ್ಚಿಕೊಂಡ. "ಅವಳ ಫೋನಲ್ಲಿ ಹಂಗೇ ಇತ್ತು. ನೀವು ಹೇಳಿದ್ದೆಲ್ಲಾ ನಿಜ ಬಿಂದು... ನಿಮ್ಮ ಸಾಲನ್ನ ನನ್ನ ಕೈಯಾರೆ ಡಸ್ಟರ್ ತಗೊಂಡು ಒರೆಸಿದೀನಿ ನಾನು!"

ಆವತ್ತು ಎಲ್ಲೂ ಉಳಿದಿಲ್ಲ ಅಂದುಕೊಂಡಿದ್ದ ಬಿಂದುವಿನ ಸಾಲು ಬಂಗಾರಪೇಟೆಯ ಒಂದು ಕರಿ ಹಲಗೆಯ ಮೇಲೆ, ಒಬ್ಬ ಹುಡುಗಿಯ ಕೈಬರಹದಲ್ಲಿ, ಸ್ವಲ್ಪ ಹೊತ್ತಾದರೂ ಬದುಕಿತ್ತು.

"ಸುಮ್ಕಿರ್ಲಾ ಮಗಾ, ಕೇಳಾನ," ಎಂದಳು ಚೌಡಮ್ಮ. "ನೀನ್ ಓದ್ ತಾಯಿ."

ಬಿಂದು ಓದಿದಳು. ಬಂಡೆ ಕುಸಿದ ದಿನ. ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದೆಂದು, ಪಕ್ಕದ ಲೈನಿನ ವೆಂಕಟರತ್ನಮ್ಮ ಎಂಬ ಹೆಂಗಸು ಕರೆಯದೆಯೇ ಬಂದು ಗಂಜಿ ಕಾಯಿಸಿ ತಂದದ್ದು. ಚೌಡಮ್ಮ ಗಂಜಿಗೆ ಬಾಯಿ ಬಿಡದಿದ್ದಾಗ ಅವಳ ಹಸಿದ ಮಗುವನ್ನು ತನ್ನ ಮಡಿಲಿಗೆ ಹಾಕಿಕೊಂಡು ಹಾಲು ಕುಡಿಸಿದ್ದು. ದಿನಕರ್ಮ ಮುಗಿಯುವವರೆಗೂ ನಸುಕು ಹರಿಯುವ ಮೊದಲೇ ಆಕೆಯ ಬಳೆಯ ಸದ್ದು ಬಾಗಿಲಲ್ಲಿ ಕೇಳಿದ್ದು. 'ಆ ಹಾಲಿನ ಋಣ ತೀರಿಸಾಕಲ್ಲ, ಆ ಬಾಕ್ಲು ಮರೀಬಾರ್ದು ಅಂತ ಓಗ್ತೀನಿ' ಎಂಬ ಚೌಡಮ್ಮನ ಮಾತಿಗೇ ಸುದ್ದಿ ಮುಗಿದಿತ್ತು.

ಕೊಟ್ಟಿಗೆಯಲ್ಲಿ ಹಸು ಗಂಟೆ ಅಲುಗಿಸಿತು.

"ನಾನ್ ಯೋಳಿದ್ನೇ ಬರ್ದಿದೀಯ," ಚೌಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಇದ್ರಾಗೆ ನಿನ್ ತಪ್ಪೇನೈತೆ? ಬಾಕ್ಲಾಗ್ ನಿಂತು ಮಾತಾಡ್ದೋರು ಒಳೀಕ್ ಬರ್ನಿಲ್ಲ, ಅಷ್ಟೇಯ."

"ಆದ್ರೂ ಆ ಸಾಲು ಇನ್ನೂ ಓಡಾಡ್ತಾ ಇರುತ್ತೆ ಅಮ್ಮ..."

"ಓಡಾಡ್ಲಿ. ನನ್ನ ಕೈಲೂ ಇಡಿಯಾಕಾಗಲ್ಲ, ನಿನ್ನ ಕೈಲೂ ಇಡಿಯಾಕಾಗಲ್ಲ." ಅವಳು ಎದ್ದು ಹೋಗಿ ಬೋರಲು ಹಾಕಿದ್ದ ಕ್ಯಾನನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಳು. ಮುಚ್ಚಳ ತೆಗೆದು ಒಳಗೆ ನೋಡಿದಳು. "ಒಬ್ಳೇ ಓಗಾಕೆ ಇನ್ನಾ ಮನ್ಸಿಲ್ಲ ಕಣಮ್ಮಾ. ನಾಳೆ ನೀನೂ ಬತ್ತೀಯಾ?"

"ಬರ್ತೀನಿ ಅಮ್ಮ!"

ಮೈಸೂರು ಮೈನ್ಸಿನ ಲೈನುಗಳಲ್ಲಿ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಆಚೆಗೆ ಗಣಿಯಿಂದ ತೆಗೆದು ಸುರಿದ ಬೂದಿ ಬಣ್ಣದ ಮಣ್ಣಿನ ದಿಬ್ಬ ಮಸುಕಾಗಿ ಕಾಣುತ್ತಿತ್ತು. ಅರ್ಧ ಮನೆಗಳಿಗೆ ಬೀಗ, ಉಳಿದವುಗಳ ಮುಂದೆ ರಂಗೋಲಿ. ಮೊದಲ ಬಸ್ಸಿನಲ್ಲಿ ಬಂದ ತಾಯಿ ಮಗನಿಗಾಗಿ ಬಿಂದು ಬೀದಿಯ ತುದಿಯಲ್ಲೇ ಕಾದು ನಿಂತಿದ್ದಳು.

ಚೌಡಮ್ಮನ ಹೆಜ್ಜೆ ನಿಧಾನವಾಗಿತ್ತು. ಎದುರು ಯಾರಾದರೂ ಬಂದರೆ ತಲೆ ತಗ್ಗಿಸುತ್ತಿದ್ದಳು. ಲೈನಿನ ಕೊನೆಯ ಮನೆಯ ಜಗಲಿಯ ಮೇಲೆ ಕೋಲು ಹಿಡಿದು ಕೂತಿದ್ದ ಮುದುಕಿ ವೆಂಕಟರತ್ನಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಏಮೇ ಚೌಡಮ್ಮಾ! ಇಷ್ಟ್ ದಿನ ಎಲ್ಲೇ ಓಗಿದ್ದೆ?"

"ಕಾಲ್ನೋವು ಅಕ್ಕಾ."

"ಸುಳ್ಳ್ ಯೋಳ್ಬೇಡ! ಫೋನ್ನಾಗೆ ಬಂದಿದ್ ನಂಗೂ ಗೊತ್ತೈತೆ. 'ಯಾಕ್ ಬತ್ತಾಳೆ, ಯಾಕ್ ಬತ್ತಾಳೆ' ಅಂತ ಊರಿಗೆಲ್ಲಾ ಕೇಳೋ ಬದ್ಲು ನನ್ನೊಂದ್ ಮಾತು ಕೇಳಿದ್ರೆ ಯೋಳ್ತಿದ್ನಲ್ಲ, ಹಾಲಾಕಾಕ್ ಬತ್ತಾಳೆ ಅಂತ!"

ಚೌಡಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಒಂದು ವಾರದ ಮೇಲೆ ನಕ್ಕದ್ದು. ಆಮೇಲೆ ಮುದುಕಿಯ ಭುಜಕ್ಕೆ ತಲೆಯಿಟ್ಟು ಅತ್ತಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಒಳಗೆ ಹೋದರು.

ಹೊರಗೆ ಕ್ಯಾನಿನ ಪಕ್ಕ ಉಳಿದವರು ಇವರಿಬ್ಬರೇ.

"ಬಿಂದು..." ಶಶಿಧರ್ ನೆಲ ನೋಡುತ್ತಾ ಹೇಳಿದ. "ದಿನಾ ಮಕ್ಕಳಿಗೆ ಹೇಳ್ತೀನಿ, ತಲೆಬರಹ ನೋಡಿ ತೀರ್ಮಾನ ಮಾಡ್ಬೇಡಿ ಅಂತ. ನಾನೇ ಮಾಡ್ದೆ. ನಿಮ್ಮ ಮುಖ ನೋಡಿ ನಂಬಬೇಕಿತ್ತು."

"ನಿಮ್ಮ ಜಾಗದಲ್ಲಿದ್ರೆ ನಾನೂ ನಂಬ್ತಿರಲಿಲ್ಲ."

"ಇವತ್ತು ಮತ್ತೆ ಅದೇ ಆಫೀಸಿಗೆ ಹೋಗ್ಬೇಕಲ್ಲ ನೀವು?"

"ಹೋಗ್ಬೇಕು. ನಾಳೆನೂ ಎರಡು ತಲೆಬರಹ ಇರುತ್ತೆ. ನಂದು ಸೋಲುತ್ತೆ." ಅವಳ ಕಣ್ಣು ತುಂಬಿ ಬಂತು. "ಅಲ್ಲಿ ನನ್ನ ಕೈಲಿ ಏನೂ ಆಗಲ್ಲ ಶಶಿ. ಆದ್ರೆ ನಾನೂ ಆ ಆಫೀಸಿನೋರ ಹಾಗೇ ಆಗ್ಬಿಟ್ಟಿದ್ದೆ. ಪಾನಿಪುರಿ ತಿಂದ ದಿನದಿಂದ ಅರ್ಧ ಹೇಳ್ತಾ, ಅರ್ಧ ಬಚ್ಚಿಡ್ತಾ ಇದೀನಿ."

"ಏನನ್ನ?" ಅವನು ಅವಳ ಕಡೆ ತಿರುಗಿದ.

"ಗೋಪಾಲ್ ಸರ್ ಮೊದಲು ಕಲಿಸಿದ ಹಾಗೆ, ಮೊದಲ ಸಾಲಲ್ಲೇ ಹೇಳಿಬಿಡ್ತೀನಿ." ಅವಳು ತಲೆ ಎತ್ತಿ ನೇರವಾಗಿ ಅವನನ್ನು ನೋಡಿದಳು. "ನನಗೆ ನೀವಂದ್ರೆ ಪ್ರೀತಿ. ಮದುವೆ ಅಂತಾದ್ರೆ ನಿಮ್ಮನ್ನೇ."

ಅವನ ಕಣ್ಣಲ್ಲೂ ನೀರು ಬಂತು, ತುಟಿಯಲ್ಲಿ ನಗುವೂ ಬಂತು. ಮೆಲ್ಲಗೆ ಅವಳ ಕೈ ಹಿಡಿದ.

"ಮುಂದಿನ ಸಾಲು?"

"ಮುಂದಿನ ಸಾಲಿಲ್ಲ. ಸುದ್ದಿ ಅಷ್ಟೇ."

"ಹಾಗಾದ್ರೆ ಕೆಳಗೆ ಯಾರ ಹೆಸರು ಹಾಕೋದು ಮೇಡಂ?"

ಬಿಂದು ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಇಬ್ಬರದೂ."